ರಾಶಿ ಕಂಡಲ್ಲೆಲ್ಲ ಅತ್ಯುತ್ಪಾದನೆ ಇರುವುದಿಲ್ಲ

‘ಅತ್ಯುತ್ಪಾದನೆ’ ನಾವು ಬರೆಯುವ ಪದ, ಆಡುವ ಪದವಲ್ಲ. ಮಾತಿನಲ್ಲಿ ‘ಬೇಕಾದ್ದಕ್ಕಿಂತ ಜಾಸ್ತಿ ಮಾಡಿಬಿಟ್ಟರು’ ಅನ್ನುತ್ತೇವೆ, ‘ಮಾಲು ಮಿಕ್ಕಿಹೋಯಿತು’ ಅನ್ನುತ್ತೇವೆ. ಪತ್ರಿಕೆಗೋ ಪಠ್ಯಪುಸ್ತಕಕ್ಕೋ ಬಂದ ಕೂಡಲೇ ಇದೇ ಸಂಗತಿ ಅತ್ಯುತ್ಪಾದನೆ, ಅಧಿಕೋತ್ಪಾದನೆ, ಹೆಚ್ಚುವರಿ ಉತ್ಪಾದನೆ, ಮಿತಿಮೀರಿದ ಉತ್ಪಾದನೆ ಎಂದು ನಾಲ್ಕು ವೇಷ ಹಾಕುತ್ತದೆ. ನಾಲ್ಕೂ ಒಂದೇ ಎಂದುಕೊಂಡು ಬರೆಯುವವರೇ ಹೆಚ್ಚು. ಒಂದೇ ಅಲ್ಲ.

ಮೊದಲು ಪದದ ಮೈಕಟ್ಟು ನೋಡೋಣ. ಅತಿ ಮತ್ತು ಉತ್ಪಾದನೆ ಸೇರಿದಾಗ ಇಕಾರದ ಜಾಗಕ್ಕೆ ಯಕಾರ ಬಂದು ‘ಅತ್ಯುತ್ಪಾದನೆ’ ಆಗುತ್ತದೆ; ‘ಅತ್ಯುತ್ತಮ’ದಲ್ಲಿ ಇರುವುದೂ ಇದೇ ಯಣ್ ಸಂಧಿ. ಅಧಿಕ ಮತ್ತು ಉತ್ಪಾದನೆ ಸೇರಿದರೆ ಗುಣಸಂಧಿಯಾಗಿ ‘ಅಧಿಕೋತ್ಪಾದನೆ’. ಸಂಧಿ ಬೇಡವೆನಿಸಿದರೆ ‘ಅತಿ ಉತ್ಪಾದನೆ’ ಎಂದು ಬಿಡಿಸಿ ಬರೆದರೆ ಸಾಕು. ಸಂಧಿಯನ್ನೂ ಮಾಡದೆ ಜಾಗವನ್ನೂ ಬಿಡದೆ ‘ಅತಿಉತ್ಪಾದನೆ’ ಎಂದು ಅಂಟಿಸುವುದು ಮಾತ್ರ ಕಣ್ಣಿಗೂ ಚುಚ್ಚುತ್ತದೆ, ನಾಲಿಗೆಗೂ ತೊಡರುತ್ತದೆ.

ಇನ್ನು ‘ಅತಿ’. ಸಂಸ್ಕೃತದ ಇಪ್ಪತ್ತೆರಡು ಉಪಸರ್ಗಗಳಲ್ಲಿ ಒಂದಾದ ಇದಕ್ಕೆ ಎರಡು ಮುಖ. ಅತ್ಯುತ್ತಮ, ಅತ್ಯಗತ್ಯ, ಅತ್ಯಲ್ಪ ಎನ್ನುವಾಗ ಅದು ಬರೀ ‘ತುಂಬಾ’. ಅತಿಕ್ರಮಣ, ಅತ್ಯಾಚಾರ, ಅತಿವೃಷ್ಟಿ ಎನ್ನುವಾಗ ಅದು ‘ಗೆರೆ ದಾಟಿದ್ದು’. ಮೊದಲನೆಯದಕ್ಕೆ ಅಳತೆಗೋಲು ಬೇಕಿಲ್ಲ. ಎರಡನೆಯದು ಅಳತೆಗೋಲಿಲ್ಲದೆ ನಿಲ್ಲುವುದೇ ಇಲ್ಲ. ಎಷ್ಟು ಮಳೆ ಬಿದ್ದರೆ ಅತಿವೃಷ್ಟಿ ಎಂದು ಮೋಡವನ್ನು ನೋಡಿ ಹೇಳಲಾಗದು, ಹೊಲವನ್ನು ನೋಡಿ ಹೇಳಬೇಕು. ಅತ್ಯುತ್ಪಾದನೆಯ ‘ಅತಿ’ ಈ ಎರಡನೆಯ ಬಗೆಯದು. ಹಾಗಾಗಿ ‘ಈ ವರ್ಷ ಅತ್ಯುತ್ಪಾದನೆಯಾಗಿದೆ’ ಎಂಬ ವಾಕ್ಯ ಅರ್ಧ ವಾಕ್ಯ. ಯಾವುದಕ್ಕಿಂತ ಅತಿ ಎಂಬುದನ್ನು ಆ ವಾಕ್ಯದಲ್ಲೋ ಪಕ್ಕದ ವಾಕ್ಯದಲ್ಲೋ ಹೇಳಲೇಬೇಕು. ‘ಅಧಿಕ’ಕ್ಕೆ ಈ ಹೊರೆ ಇಲ್ಲ. ಕಳೆದ ವರ್ಷಕ್ಕಿಂತ ಹೆಚ್ಚು ಬೆಳೆದರೂ ಅದು ಅಧಿಕ ಉತ್ಪಾದನೆಯೇ, ಅಷ್ಟೂ ಖರ್ಚಾಗಿದ್ದರೂ ಸರಿ. ‘ಹೆಚ್ಚುವರಿ’ ಎಂದರೆ ಬಳಕೆಯಾಗಿ ಉಳಿದ ಭಾಗ ಮಾತ್ರ. ಅದನ್ನು ಬೇಕೆಂದೇ ಉಳಿಸಿರಬಹುದು.

ಇದಕ್ಕಿಂತ ದೊಡ್ಡ ಎಡವಟ್ಟು ಪದದ ಎರಡನೆಯ ತುಂಡಿನಲ್ಲಿದೆ. ಕೆರೆ ಕೋಡಿ ಬಿದ್ದಿದೆ ಎಂದುಕೊಳ್ಳಿ. ಒಳಹರಿವು ಹೆಚ್ಚಾಗಿ ಕೋಡಿ ಬಿದ್ದಿರಬಹುದು. ತೂಬು ಕಟ್ಟಿಕೊಂಡು ನೀರು ಹೊರಗೆ ಹೋಗದೆಯೂ ಬಿದ್ದಿರಬಹುದು. ಹೂಳು ತುಂಬಿ ಕೆರೆಯ ಹೊಟ್ಟೆಯೇ ಚಿಕ್ಕದಾಗಿರಬಹುದು. ಏರಿಯ ಮೇಲೆ ನಿಂತವರಿಗೆ ಮೂರೂ ಒಂದೇ ಥರ ಕಾಣುತ್ತವೆ. ಅತ್ಯುತ್ಪಾದನೆ ಎಂಬ ಪದ ಸಲ್ಲುವುದು ಮೊದಲನೆಯದಕ್ಕೆ ಮಾತ್ರ, ಏಕೆಂದರೆ ‘ಉತ್ಪಾದನೆ’ ಎಂದರೆ ಹುಟ್ಟಿಸುವ ಕ್ರಿಯೆ, ಒಳಹರಿವು. ಆದರೆ ಜನ ರಾಶಿಯನ್ನು ನೋಡಿ ಈ ಪದ ಆಡುತ್ತಾರೆ. ಕಾರಣವನ್ನು ಹೆಸರಿಸಬೇಕಾದ ಪದ ಪರಿಣಾಮಕ್ಕೆ ಹೆಸರಾಗಿಬಿಡುತ್ತದೆ.

ಈ ಗೊಂದಲಕ್ಕೆ ತೆರಬೇಕಾದ ಬೆಲೆ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ದೇಹದಲ್ಲಿ. ಗೌಟ್ ಕಾಯಿಲೆಯಲ್ಲಿ ರಕ್ತದ ಯೂರಿಕ್ ಆಮ್ಲ ಹೆಚ್ಚಿ ಕೀಲುಗಳಲ್ಲಿ ಹರಳುಗಟ್ಟುತ್ತದೆ. ‘ದೇಹ ಯೂರಿಕ್ ಆಮ್ಲವನ್ನು ಅತಿಯಾಗಿ ಉತ್ಪಾದಿಸುತ್ತಿದೆ’ ಎಂದು ಆರೋಗ್ಯ ಅಂಕಣಗಳು ಸಲೀಸಾಗಿ ಬರೆಯುತ್ತವೆ. ಆದರೆ ಹತ್ತರಲ್ಲಿ ಸುಮಾರು ಒಂಬತ್ತು ಪ್ರಕರಣಗಳಲ್ಲಿ ಉತ್ಪಾದನೆ ಸರಿಯಾಗಿಯೇ ಇರುತ್ತದೆ, ಮೂತ್ರಪಿಂಡ ಅದನ್ನು ಸಾಕಷ್ಟು ಹೊರಹಾಕುತ್ತಿರುವುದಿಲ್ಲ. ನಿಜವಾದ ಅತ್ಯುತ್ಪಾದನೆ ಉಳಿದ ಒಂದು ಪಾಲು. ಬೇರ್ಪಡಿಸುವ ದಾರಿ ಸರಳ: 24 ಗಂಟೆಯ ಮೂತ್ರ ಸಂಗ್ರಹಿಸಿ ಅಳೆದಾಗ, ಸಾಮಾನ್ಯ ಆಹಾರದಲ್ಲಿರುವವರಲ್ಲಿ ಯೂರಿಕ್ ಆಮ್ಲ 800 ಮಿಲಿಗ್ರಾಂ ದಾಟಿದರೆ ಉತ್ಪಾದನೆಯ ಮೇಲೆ ಅನುಮಾನ. ಈ ಬೇರ್ಪಡಿಕೆ ಬರೀ ಪಾಂಡಿತ್ಯವಲ್ಲ. ಅಲೋಪ್ಯುರಿನಾಲ್ ಎಂಬ ಔಷಧ ಈ ಆಮ್ಲ ತಯಾರಾಗುವ ಹಂತವನ್ನೇ ತಡೆಯುತ್ತದೆ. ಪ್ರೊಬೆನೆಸಿಡ್ ಅದನ್ನು ಮೂತ್ರದ ಮೂಲಕ ಹೆಚ್ಚು ಹೊರಗೆ ತಳ್ಳುತ್ತದೆ. ಉತ್ಪಾದನೆಯೇ ಅತಿಯಾಗಿರುವವರಿಗೆ ಎರಡನೆಯದನ್ನು ಕೊಟ್ಟರೆ ಮೊದಲೇ ತುಂಬಿ ಹರಿಯುತ್ತಿರುವ ಮೂತ್ರನಾಳಕ್ಕೆ ಇನ್ನಷ್ಟು ಆಮ್ಲ ಬಂದು ಕಲ್ಲು ಕಟ್ಟುವ ಅಪಾಯ.

ಥೈರಾಯ್ಡ್ ಗ್ರಂಥಿಯದು ಇನ್ನೂ ಸೊಗಸಾದ ಉದಾಹರಣೆ. ಗ್ರೇವ್ಸ್ ಕಾಯಿಲೆಯಲ್ಲಿ ಗ್ರಂಥಿ ಹಾರ್ಮೋನನ್ನು ನಿಜಕ್ಕೂ ಅತಿಯಾಗಿ ತಯಾರಿಸುತ್ತದೆ. ಗ್ರಂಥಿಯ ಕೆಲವು ಬಗೆಯ ಉರಿಯೂತಗಳಲ್ಲಿ ತಯಾರಿಕೆ ಹೆಚ್ಚಿರುವುದಿಲ್ಲ. ಮೊದಲೇ ಕೂಡಿಟ್ಟಿದ್ದ ಹಾರ್ಮೋನು ಒಡೆದ ಗೋಡೆಯಿಂದ ರಕ್ತಕ್ಕೆ ಸೋರುತ್ತದೆ. ಎರಡರಲ್ಲೂ ಎದೆ ಡವಗುಟ್ಟುತ್ತದೆ, ಕೈ ನಡುಗುತ್ತದೆ, ರಕ್ತಪರೀಕ್ಷೆಯಲ್ಲಿ ಹಾರ್ಮೋನು ಹೆಚ್ಚಿರುತ್ತದೆ, ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಟಿಎಸ್‌ಎಚ್ ಕುಸಿದಿರುತ್ತದೆ. ವ್ಯತ್ಯಾಸ ಬಯಲಾಗುವುದು ಅಯೋಡಿನ್ ಹೀರುವಿಕೆಯ ಪರೀಕ್ಷೆಯಲ್ಲಿ: ಹೊಸದಾಗಿ ತಯಾರಿಸುತ್ತಿರುವ ಗ್ರಂಥಿಗೆ ಕಚ್ಚಾವಸ್ತು ಬೇಕು, ಅದು ಅಯೋಡಿನ್ನನ್ನು ಗಬಗಬನೆ ಎಳೆದುಕೊಳ್ಳುತ್ತದೆ, ಸೋರುತ್ತಿರುವ ಗ್ರಂಥಿ ಹೆಚ್ಚುಕಡಿಮೆ ಎಳೆದುಕೊಳ್ಳುವುದೇ ಇಲ್ಲ. ತಯಾರಿಕೆ ತಡೆಯುವ ಮೆಥಿಮಜೋಲ್ ಮೊದಲನೆಯದರಲ್ಲಿ ಕೆಲಸ ಮಾಡುತ್ತದೆ, ಎರಡನೆಯದರಲ್ಲಿ ವ್ಯರ್ಥ. ತಯಾರಿಕೆಯೇ ಇಲ್ಲದಿರುವಲ್ಲಿ ತಡೆಯುವುದು ಏನನ್ನು? ‘ಹಾರ್ಮೋನು ಅತ್ಯುತ್ಪಾದನೆ’ ಎಂದು ಎರಡಕ್ಕೂ ಒಂದೇ ಚೀಟಿ ಅಂಟಿಸುವವರು ಈ ಇಡೀ ವಿವೇಕವನ್ನು ಅಳಿಸಿಹಾಕಿರುತ್ತಾರೆ.

ದೇಹದ ವಿಷಯದಲ್ಲಿ ‘ಉತ್ಪತ್ತಿ’ ಎಂಬ ಪದವೇ ಹೆಚ್ಚು ಒಗ್ಗುತ್ತದೆ. ಎರಡೂ ಒಂದೇ ಧಾತುವಿನವು, ಆದರೆ ಉತ್ಪತ್ತಿ ಎಂದರೆ ಹುಟ್ಟುವುದು, ಉತ್ಪಾದನೆ ಎಂದರೆ ಹುಟ್ಟಿಸುವುದು. ಹೊಟ್ಟೆಯಲ್ಲಿ ಆಮ್ಲ ‘ಹೆಚ್ಚು ಉತ್ಪತ್ತಿಯಾಗುತ್ತದೆ’. ಕಾರ್ಖಾನೆಯಲ್ಲಿ ಸಿಮೆಂಟನ್ನು ‘ಹೆಚ್ಚು ಉತ್ಪಾದಿಸುತ್ತಾರೆ’. ಕರ್ತೃ ಇಲ್ಲದ ಕಡೆ ಉತ್ಪತ್ತಿ, ಇರುವ ಕಡೆ ಉತ್ಪಾದನೆ. ಇದರ ಮಗ್ಗುಲಲ್ಲೇ ಒಂದು ಜಾಣ ನುಸುಳುದಾರಿ ಇದೆ. ‘ಅತ್ಯುತ್ಪಾದನೆ ಆಯಿತು’ ಎಂದು ವರದಿ ಬರೆದರೆ ಅದು ಮಳೆಯಂತೆ ತಾನಾಗಿ ಬಂದ ವಿಪತ್ತು. ‘ಅತಿಯಾಗಿ ಉತ್ಪಾದಿಸಿದರು’ ಎಂದರೆ ಯಾರೋ ಒಬ್ಬರು ನಿರ್ಧಾರ ಮಾಡಿದ್ದಾರೆ ಎಂದಾಯಿತು. ಕಂಪನಿಗಳ ವರದಿಗಳು ಯಾವುದನ್ನು ಆರಿಸಿಕೊಳ್ಳುತ್ತವೆ ಎಂದು ಬಿಡಿಸಿ ಹೇಳಬೇಕಿಲ್ಲ. ‘ಅತ್ಯುತ್ಪಾದಿಸು’ ಎಂಬ ಕ್ರಿಯಾಪದವನ್ನು ವ್ಯಾಕರಣ ಬೇಡವೆನ್ನುವುದಿಲ್ಲ, ಕಿವಿ ಬೇಡವೆನ್ನುತ್ತದೆ.

ಮಾರುಕಟ್ಟೆಗೆ ಬಂದರೆ ಅಳತೆಗೋಲಿನ ಜಗಳವೇ ಎರಡು ಶತಮಾನದಷ್ಟು ಹಳೆಯದು. ಒಂದು ವಸ್ತುವನ್ನು ತಯಾರಿಸಿದಾಗ ಕೂಲಿ, ಬಾಡಿಗೆ, ಲಾಭದ ರೂಪದಲ್ಲಿ ಹಂಚಿಕೆಯಾಗುವ ಹಣವೇ ಮತ್ತೊಂದನ್ನು ಕೊಳ್ಳುತ್ತದೆ, ಆದ್ದರಿಂದ ಒಂದೆರಡು ಸರಕು ಅತಿಯಾಗಬಹುದೇ ಹೊರತು ಎಲ್ಲವೂ ಒಟ್ಟಿಗೆ ಅತಿಯಾಗಲಾರದು ಎಂದು 1803ರಲ್ಲಿ ಫ್ರಾನ್ಸಿನ ಅರ್ಥಶಾಸ್ತ್ರಜ್ಞ ಜೀನ್ ಬ್ಯಾಪ್ಟಿಸ್ಟ್ ಸೇ ವಾದಿಸಿದ. 1819ರಲ್ಲಿ ಸಿಸ್ಮಾಂಡಿ, 1820ರಲ್ಲಿ ಮಾಲ್ಥಸ್ ಇದನ್ನು ಒಪ್ಪಲಿಲ್ಲ: ಹಣ ಕೈಗೆ ಬಂದ ಮಾತ್ರಕ್ಕೆ ಖರ್ಚಾಗಬೇಕೆಂದಿಲ್ಲ, ಕೊಳ್ಳಬೇಕಾದ ಕೈಗೇ ಹಣ ತಲುಪದೆಯೂ ಇರಬಹುದು. ರಿಕಾರ್ಡೊ ಸೇ ಪಕ್ಷ ಹಿಡಿದ. ಈ ವಾಗ್ವಾದದಿಂದ ಪದಬಳಕೆಗೆ ಸಿಕ್ಕ ಲಾಭ ಒಂದಿದೆ: ‘ಒಂದು ಸರಕಿನ ಅತ್ಯುತ್ಪಾದನೆ’ಯೇ ಬೇರೆ, ‘ಸಾರ್ವತ್ರಿಕ ಅತ್ಯುತ್ಪಾದನೆ’ಯೇ ಬೇರೆ. ಮೊದಲನೆಯದನ್ನು ಯಾರೂ ಅಲ್ಲಗಳೆಯುವುದಿಲ್ಲ, ಎರಡನೆಯದು ಇಂದಿಗೂ ಚರ್ಚೆಯ ವಸ್ತು.

1930ರ ದಶಕದಲ್ಲಿ ಈ ‘ಅತಿ’ ಎಷ್ಟು ಕ್ರೂರ ಎಂಬುದು ಕಣ್ಣಿಗೇ ಕಂಡಿತು. ಬ್ರೆಜಿಲ್ 1931ರಿಂದ 1944ರವರೆಗೆ ತಲಾ 60 ಕಿಲೋ ತೂಕದ ಸುಮಾರು 7.8 ಕೋಟಿ ಮೂಟೆ ಕಾಫಿಯನ್ನು ಸುಟ್ಟು, ಸಮುದ್ರಕ್ಕೆ ಸುರಿದು ನಾಶಮಾಡಿತು. 1933ರಲ್ಲಿ ಅಮೆರಿಕದ ಸರ್ಕಾರ ಸುಮಾರು ಒಂದು ಕೋಟಿ ಎಕರೆ ಹತ್ತಿಬೆಳೆಯನ್ನು ಉಳುಮೆ ಮಾಡಿಸಿ ಮಣ್ಣಿಗೆ ಸೇರಿಸಿತು, ಸುಮಾರು 60 ಲಕ್ಷ ಹಂದಿಗಳನ್ನು ಕೊಂಡು ಕೊಲ್ಲಿಸಿತು. ಅದೇ ಹೊತ್ತಿಗೆ ಜನ ರೊಟ್ಟಿಗಾಗಿ ಸಾಲುಗಟ್ಟಿ ನಿಂತಿದ್ದರು. ಹಸಿವಿಗೆ ಹೋಲಿಸಿದರೆ ಅದು ಅತ್ಯುತ್ಪಾದನೆಯಾಗಿರಲಿಲ್ಲ. ಕೊಳ್ಳುವ ಶಕ್ತಿಗೆ ಹೋಲಿಸಿದರೆ ಆಗಿತ್ತು. ಅರ್ಥಶಾಸ್ತ್ರ ‘ಬೇಡಿಕೆ’ ಎಂದಾಗ ಅದರೊಳಗೆ ಹಣ ಅಡಗಿರುತ್ತದೆ. ಆದ್ದರಿಂದ ಬೇಡಿಕೆ ಕುಸಿದು ಮಾಲು ಉಳಿದ ಸಂದರ್ಭಗಳಲ್ಲಿ ‘ಅತಿ ಪೂರೈಕೆ’ ಎಂದೋ ‘ಬೇಡಿಕೆ ಕುಸಿತ’ ಎಂದೋ ಬರೆಯುವುದು ಹೆಚ್ಚು ಪ್ರಾಮಾಣಿಕ. ತಯಾರಿಸಿದವರು ಕಳೆದ ವರ್ಷದಷ್ಟೇ ತಯಾರಿಸಿದ್ದಾರೆ, ತಪ್ಪನ್ನು ಅವರ ತಲೆಗೆ ಕಟ್ಟುವುದು ಏಕೆ?

ಯುರೋಪಿನ ಹಾಲಿನದು ಇದಕ್ಕೆ ತದ್ವಿರುದ್ಧ. ಎಷ್ಟು ಕರೆದರೂ ಖಾತರಿ ಬೆಲೆಗೆ ಕೊಳ್ಳುತ್ತೇವೆ ಎಂದು ಅಲ್ಲಿನ ದೇಶಗಳ ಕೂಟವಾದ ಯುರೋಪಿಯನ್ ಸಮುದಾಯ ಮಾತು ಕೊಟ್ಟಿತ್ತು. ಬೆಣ್ಣೆ ಶೈತ್ಯಾಗಾರಗಳಲ್ಲಿ ಬೆಟ್ಟದಂತೆ ಬೆಳೆಯಿತು. ಇಲ್ಲಿ ಒಳಹರಿವಿನ ತೂಬನ್ನೇ ತೆರೆದಿಟ್ಟಿದ್ದರು, ಹಾಗಾಗಿ ಇದು ಅಪ್ಪಟ ಅತ್ಯುತ್ಪಾದನೆ. 1984ರಲ್ಲಿ ಉತ್ಪಾದನೆಗೇ ಕೋಟಾ ಹಾಕಿದರು, ಅದು 2015ರವರೆಗೆ ನಡೆಯಿತು. ‘ಅತಿ ಸಾಮರ್ಥ್ಯ’ ಎಂಬ ಇನ್ನೊಂದು ಪದವನ್ನೂ ಇದರೊಡನೆ ಬೆರೆಸುತ್ತಾರೆ. ಸಾಮರ್ಥ್ಯ ಎಂದರೆ ಯಂತ್ರಗಳು ಮಾಡಬಲ್ಲದ್ದು. ಅರ್ಧ ಯಂತ್ರಗಳು ಸುಮ್ಮನೆ ನಿಂತಿರುವ ಕಾರ್ಖಾನೆಯಲ್ಲಿ ಅತಿ ಸಾಮರ್ಥ್ಯವಿದೆ, ಅತ್ಯುತ್ಪಾದನೆ ಇಲ್ಲ.

ಈ ಪದಕ್ಕೆ ಅತಿ ಬಿಗಿಯಾದ ವ್ಯಾಖ್ಯೆ ಸಿಕ್ಕಿರುವುದು ಕಾರ್ಖಾನೆಯ ನೆಲದ ಮೇಲೆ. ಟೊಯೋಟಾದ ತೈಚಿ ಓನೊ ಪಟ್ಟಿ ಮಾಡಿದ ಏಳು ಪೋಲುಗಳಲ್ಲಿ ಮೊದಲನೆಯದು ಅತ್ಯುತ್ಪಾದನೆ. ಮುಂದಿನ ಹಂತಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಮಾಡುವುದಷ್ಟೇ ಅಲ್ಲ, ಬೇಕಾಗುವ ಮುಂಚೆಯೇ ಮಾಡಿಡುವುದೂ ಅಲ್ಲಿ ಅತ್ಯುತ್ಪಾದನೆ. ಈ ಎರಡನೆಯ ಅರ್ಥ ನಮ್ಮ ಸಾಮಾನ್ಯ ಬಳಕೆಯಲ್ಲಿ ಇಲ್ಲವೇ ಇಲ್ಲ. ನಾಳೆಯ ಕೆಲಸವನ್ನು ಇಂದೇ ಮುಗಿಸಿದವರನ್ನು ನಾವು ಚುರುಕಿನವರು ಎನ್ನುತ್ತೇವೆ. ಓನೊ ಲೆಕ್ಕದಲ್ಲಿ ಅವರೇ ದೊಡ್ಡ ಪೋಲುಗಾರರು, ಏಕೆಂದರೆ ಮಿಕ್ಕ ಪೋಲುಗಳೆಲ್ಲ ಇದರ ಬೆನ್ನಿಗೇ ಬರುತ್ತವೆ: ಇಡಲು ಜಾಗ, ಸಾಗಿಸಲು ಗಾಡಿ, ಎಣಿಸಲು ಆಳು, ಕಾಯಲು ಬೀಗ.

ಅಳತೆಗೋಲು ಹೀಗೆ ಸಿಗುತ್ತದೆ. 480 ನಿಮಿಷದ ಶಿಫ್ಟಿನಲ್ಲಿ ವಿರಾಮದ 30 ಕಳೆದರೆ 450 ನಿಮಿಷ. ದಿನಕ್ಕೆ 225 ಬೇಕಿದ್ದರೆ 450ನ್ನು 225ರಿಂದ ಭಾಗಿಸಿ, ಎರಡು ನಿಮಿಷಕ್ಕೊಂದು ಎಂಬ ತಾಳ. ಇದನ್ನೇ ಟ್ಯಾಕ್ಟ್ ಟೈಮ್ ಎನ್ನುವುದು. ಯಂತ್ರಕ್ಕೆ ಒಂದೂವರೆ ನಿಮಿಷ ಸಾಕು ಎಂದು ಇಡೀ ಶಿಫ್ಟ್ ಓಡಿಸಿದರೆ 300 ಬರುತ್ತವೆ. ದಿನಕ್ಕೆ 75 ಮಿಗುತ್ತವೆ. ತಡೆಯಲು ಕಾನ್‌ಬಾನ್ ಚೀಟಿ. ಖಾಲಿ ಟ್ರೇ ಜೊತೆ ಚೀಟಿ ವಾಪಸ್ ಬಂದರೆ ಮಾತ್ರ ಮಾಡಬೇಕು, ಇಲ್ಲದಿದ್ದರೆ ಕೈಕಟ್ಟಿ ನಿಲ್ಲಬೇಕು. ಎಷ್ಟು ಚೀಟಿ? ದಿನದ ಬೇಡಿಕೆಯನ್ನು ಟ್ರೇ ಮರುಭರ್ತಿಗೆ ಹಿಡಿಯುವ ದಿನಗಳಿಂದ ಗುಣಿಸಿ, ಹತ್ತು ಶೇಕಡಾ ಮುನ್ನೆಚ್ಚರಿಕೆ ಸೇರಿಸಿ, ಟ್ರೇಯಲ್ಲಿ ಹಿಡಿಯುವ ಸಂಖ್ಯೆಯಿಂದ ಭಾಗಿಸಬೇಕು: ಮರುಭರ್ತಿಗೆ ಅರ್ಧ ದಿನ, ಟ್ರೇಗೆ 25 ಎಂದಾದರೆ 225 × 0.5 × 1.1 ÷ 25, ಅಂದರೆ 4.95. ಐದು ಚೀಟಿ. ‘ಇರಲಿ’ ಎಂದು ಆರನೆಯದನ್ನು ಸೇರಿಸಿದ ದಿನ ಅತ್ಯುತ್ಪಾದನೆಗೆ ಬಾಗಿಲು ತೆರೆಯಿತು. ಚೀಟಿ ಐದೇ ಇದ್ದರೆ ಇನ್ನೊಂದು ಲಾಭ: ತಯಾರಿಕೆಯಲ್ಲಿ ದೋಷ ನುಸುಳಿದರೆ ಹೆಚ್ಚೆಂದರೆ 125 ವಸ್ತುಗಳು ಕೆಡುತ್ತವೆ. ಗೋದಾಮು ತುಂಬಿದ ಮೇಲೆ ದೋಷ ತಿಳಿದರೆ ಗೋದಾಮೇ ಗುಜರಿ.

ಹಾಗಿದ್ದರೂ ಮ್ಯಾನೇಜರುಗಳು ಏಕೆ ಹೆಚ್ಚು ಮಾಡಿಸುತ್ತಾರೆ? ತಗಡಿಗೆ ಆಕಾರ ಕೊಡುವ ಅಚ್ಚನ್ನು, ಅಂದರೆ ಡೈಯನ್ನು, ಬದಲಿಸಲು ನಾಲ್ಕು ತಾಸು ಹಿಡಿಯುವ ಪ್ರೆಸ್ಸಿನಲ್ಲಿ ಒಮ್ಮೆ ಜೋಡಿಸಿದ ಡೈಯನ್ನು ಇಳಿಸಲು ಯಾರಿಗೂ ಮನಸ್ಸು ಬಾರದು. ಜಪಾನಿನ ಎಂಜಿನಿಯರ್ ಶಿಗಿಯೊ ಶಿಂಗೊ ಡೈ ಬದಲಾವಣೆಯನ್ನು ಹತ್ತು ನಿಮಿಷದೊಳಗೆ ತರುವ ಹಟ ಹಿಡಿದದ್ದು ಇದಕ್ಕೇ. ಇನ್ನೊಂದು ಕಾರಣ ಲೆಕ್ಕದ ಪುಸ್ತಕದಲ್ಲಿದೆ, ಅದು ಹೆಚ್ಚು ಕಪಟಿ. ಕಾರ್ಖಾನೆಯ ಸ್ಥಿರವೆಚ್ಚ 10 ಲಕ್ಷ ಎನ್ನಿ. 10,000 ಮಾಡಿ 10,000 ಮಾರಿದರೆ ಪ್ರತಿಯೊಂದರ ಮೇಲೆ 100 ಬೀಳುತ್ತದೆ, ಪೂರ್ತಿ 10 ಲಕ್ಷವೂ ಈ ವರ್ಷದ ಖರ್ಚು. 20,000 ಮಾಡಿ ಅಷ್ಟೇ 10,000 ಮಾರಿದರೆ ಪ್ರತಿಯೊಂದರ ಮೇಲೆ 50. ಈ ವರ್ಷದ ಖರ್ಚಿಗೆ 5 ಲಕ್ಷ, ಉಳಿದ 5 ಲಕ್ಷ ಗೋದಾಮಿನ ದಾಸ್ತಾನಿನೊಳಗೆ ಅಡಗಿ ಆಸ್ತಿಯಾಗುತ್ತದೆ. ಒಂದೂ ಹೆಚ್ಚು ಮಾರಾಟವಾಗದೆ ಲಾಭ 5 ಲಕ್ಷ ಏರಿದಂತೆ ಕಾಣುತ್ತದೆ. ಬೋನಸ್ಸು ಈ ಲಾಭಕ್ಕೆ ಅಂಟಿಕೊಂಡಿದ್ದರೆ ಗೋದಾಮು ತುಂಬದೆ ಇನ್ನೇನಾದೀತು? ಸ್ಥಿರವೆಚ್ಚವನ್ನು ಸರಕಿನ ಮೇಲೆ ಹಂಚದೆ ಆಯಾ ವರ್ಷಕ್ಕೇ ಬರೆದು ನೋಡಿದರೆ ಈ ಬಣ್ಣ ಕಳಚುತ್ತದೆ.

ಮಿಗುವುದೆಲ್ಲ ತಪ್ಪು ಎಂದು ಹೊರಟರೆ ಅದೂ ತಪ್ಪೇ. ಬೇಡಿಕೆ ಮುಂಚೆಯೇ ಗೊತ್ತಿಲ್ಲದ, ಅವಧಿ ಮುಗಿದ ಮೇಲೆ ಬೆಲೆಯಿಲ್ಲದ ವಸ್ತುವಿಗೆ ಲೆಕ್ಕ ಬೇರೆ. ಒಂದು ಕೊರತೆಯಾದರೆ 9 ನಷ್ಟ, ಒಂದು ಮಿಕ್ಕರೆ 1 ನಷ್ಟ ಎನ್ನಿ. 9ನ್ನು ಒಟ್ಟು 10ರಿಂದ ಭಾಗಿಸಿದರೆ 0.9, ಅಂದರೆ ಹತ್ತರಲ್ಲಿ ಒಂಬತ್ತು ಸಲ ಸಾಲುವಷ್ಟು ತಯಾರಿಸಬೇಕು. ಬೇಡಿಕೆಯ ಸರಾಸರಿ 100, ಏರಿಳಿತದ ಮಾನಕ ವಿಚಲನೆ 20 ಇದ್ದರೆ ಅದು ಸುಮಾರು 126. ಬಹುತೇಕ ದಿನ ಒಂದಷ್ಟು ಮಿಗುತ್ತದೆ, ಸರಾಸರಿ ಇಪ್ಪತ್ತಾರರಷ್ಟು, ಆದರೂ ನಿರ್ಧಾರ ಸರಿ. ಪ್ರಾಣ ಉಳಿಸುವ ಔಷಧ, ಲಸಿಕೆಗಳನ್ನು ಹೀಗೆಯೇ ತಯಾರಿಸಬೇಕು. ಇದನ್ನು ಹೆಚ್ಚುವರಿ ಎನ್ನಿ, ಮಿಗತೆ ಎನ್ನಿ. ಅತ್ಯುತ್ಪಾದನೆ ಎಂದರೆ ಅನ್ಯಾಯ.

ವಿದ್ಯುತ್ತಿನಲ್ಲಿ ರಾಶಿಯೇ ಇರದು. ಕೂಡಿಡುವ ವ್ಯವಸ್ಥೆ ಇಲ್ಲದ ಕಡೆ ಅತಿಯಾದದ್ದು ಆ ಕ್ಷಣದಲ್ಲೇ ಗೊತ್ತಾಗುತ್ತದೆ: ಜಾಲದ ಆವರ್ತನ 50 ಹರ್ಟ್ಸ್‌ನಿಂದ ಮೇಲೇರುತ್ತದೆ. ಜರ್ಮನಿಯಲ್ಲಿ ಹಿಂದೆ 50.2 ಮುಟ್ಟಿದ ಕೂಡಲೇ ಸೌರ ಇನ್ವರ್ಟರುಗಳು ಆಫ್ ಆಗಬೇಕೆಂಬ ನಿಯಮವಿತ್ತು. ಸೌರಫಲಕಗಳು ಲಕ್ಷಗಟ್ಟಲೆ ಆದ ಮೇಲೆ ಎಲ್ಲವೂ ಒಂದೇ ಕ್ಷಣ ಆರಿದರೆ ಅತ್ಯುತ್ಪಾದನೆ ಹೋಗಿ ದಿಢೀರ್ ಕೊರತೆ ಬಂದು ಜಾಲವೇ ಮುಗ್ಗರಿಸುತ್ತದೆ ಎಂಬುದು ಹೊಳೆಯಿತು. 2012ರಲ್ಲಿ ಹಳೆಯ ಇನ್ವರ್ಟರುಗಳನ್ನು ತಿದ್ದಿಸಲು ನಿಯಮ ತಂದರು. 50.2 ದಾಟಿದರೆ ಪ್ರತಿ ಹರ್ಟ್ಸ್‌ಗೆ 40 ಶೇಕಡಾ ಲೆಕ್ಕದಲ್ಲಿ ಮೆಲ್ಲಗೆ ಇಳಿಯುವುದು ಹೊಸ ಪದ್ಧತಿ.

ನಿಸರ್ಗದಲ್ಲಿ ಈ ಪದಕ್ಕೆ ಬೈಗುಳದ ವಾಸನೆಯೇ ಇಲ್ಲ. ನಿಧಾನಕ್ಕೆ ಮರಿಹಾಕುವ ಆನೆಯೂ, ಹುಟ್ಟಿದ್ದೆಲ್ಲ ಬದುಕಿದರೆ, ಒಂದು ಜೋಡಿಯಿಂದ 740–750 ವರ್ಷದಲ್ಲಿ ಸುಮಾರು 1.9 ಕೋಟಿ ಆಗುತ್ತದೆ ಎಂದು ಡಾರ್ವಿನ್ ಲೆಕ್ಕ ಹಾಕಿದ್ದ; ಆಯ್ಕೆ ನಡೆಯುವುದೇ ಈ ಅತಿಯಿಂದ. ಮಗುವಿನ ಮಿದುಳಿನ ಮುಂಭಾಗದಲ್ಲಿ ಒಂದೆರಡು ವರ್ಷದ ವಯಸ್ಸಿಗೆ ನರಕೋಶಗಳ ನಡುವಿನ ಕೊಂಡಿಗಳು ದೊಡ್ಡವರಿಗಿಂತ ಸುಮಾರು 50 ಶೇಕಡಾ ದಟ್ಟವಾಗಿರುತ್ತವೆ ಎಂದು ಪೀಟರ್ ಹಟೆನ್‌ಲೋಕರ್ 1979ರಲ್ಲಿ ಎಣಿಸಿ ತೋರಿಸಿದರು. ಮೊದಲು ಅತಿಯಾಗಿ ಕಟ್ಟಿ, ಬಳಕೆಯಾಗದ್ದನ್ನು ಆಮೇಲೆ ಕತ್ತರಿಸುವುದು ಅಲ್ಲಿನ ಕಟ್ಟೋಣದ ರೀತಿ.

ಸೂಕ್ಷ್ಮಜೀವಿಗಳನ್ನು ಸಾಕುವವರಿಗಂತೂ ಅತ್ಯುತ್ಪಾದನೆ ಹೊಗಳಿಕೆ. ಜಪಾನಿನಲ್ಲಿ 1950ರ ದಶಕದಲ್ಲಿ ಸಿಕ್ಕ ಕೊರಿನೆಬ್ಯಾಕ್ಟೀರಿಯಂ ಗ್ಲುಟಾಮಿಕಂ ಎಂಬ ಬ್ಯಾಕ್ಟೀರಿಯಾ ಲೈಸಿನ್ ಎಂಬ ಅಮೈನೊ ಆಮ್ಲವನ್ನು ತನಗೆ ಬೇಕಾದಷ್ಟೇ ತಯಾರಿಸುತ್ತದೆ. ಲೈಸಿನ್ ಮತ್ತು ಥ್ರಿಯೊನಿನ್ ಎಂಬ ಇನ್ನೊಂದು ಅಮೈನೊ ಆಮ್ಲ ಎರಡೂ ಜಮೆಯಾದಾಗ, ಅವು ತಯಾರಾಗುವ ದಾರಿಯ ಮೊದಲ ಕಿಣ್ವ ನಿಲ್ಲುತ್ತದೆ. ಥ್ರಿಯೊನಿನ್‌ಗೆ ಕಚ್ಚಾವಸ್ತುವಾದ ಹೋಮೊಸೆರಿನ್ ತಯಾರಿಸಲಾಗದ ತಳಿಯನ್ನು ಆರಿಸಿದರೆ ಥ್ರಿಯೊನಿನ್ ಹುಟ್ಟುವುದಿಲ್ಲ, ಕಿಣ್ವಕ್ಕೆ ‘ಸಾಕು’ ಎನ್ನುವವರು ಇರುವುದಿಲ್ಲ, ಲೈಸಿನ್ ಹರಿಯುತ್ತಲೇ ಇರುತ್ತದೆ. ಈ ತಳಿ ಬದುಕಲು ಹೋಮೊಸೆರಿನ್ನನ್ನು ಹೊರಗಿನಿಂದ ಕೊಡಬೇಕು, ಆದರೆ ಅಳೆದು ಕೊಡಬೇಕು. ಕೈ ಜಾರಿ ಹೆಚ್ಚು ಸುರಿದರೆ ಜೀವಿ ಚೆನ್ನಾಗಿ ಬೆಳೆಯುತ್ತದೆ, ಥ್ರಿಯೊನಿನ್ ತುಂಬಿಕೊಂಡು ಕಿಣ್ವ ಮತ್ತೆ ನಿಲ್ಲುತ್ತದೆ, ಲೈಸಿನ್ ಬೀಳುತ್ತದೆ.

ಪ್ರಯೋಗಾಲಯದಲ್ಲಿ ಇ. ಕೋಲೈ ಬ್ಯಾಕ್ಟೀರಿಯಾದಿಂದ ಪರಕೀಯ ಪ್ರೋಟೀನನ್ನು ಮಾಡಿಸುವಾಗ ಅತ್ಯುತ್ಪಾದನೆ ಗುರಿಯೂ ಹೌದು, ಗೋಳೂ ಹೌದು. 37 ಡಿಗ್ರಿಯಲ್ಲಿ ಜೀನನ್ನು ಚಾಲೂ ಮಾಡುವ ಐಪಿಟಿಜಿ ಎಂಬ ರಾಸಾಯನಿಕವನ್ನು 1 ಮಿಲಿಮೋಲಾರ್‌ನಷ್ಟು ಹಾಕಿದರೆ ಪ್ರೋಟೀನು ಮಡಿಚಿಕೊಳ್ಳುವುದಕ್ಕಿಂತ ಬೇಗ ಬಂದು ಬೀಳುತ್ತದೆ, ಕೋಶದೊಳಗೇ ಗಟ್ಟಿ ಉಂಡೆಯಾಗಿ ಕೂರುತ್ತದೆ. ಪ್ರೋಟೀನುಗಳನ್ನು ಬೇರ್ಪಡಿಸಿ ತೋರಿಸುವ ಜೆಲ್ ಮೇಲೆ ದಪ್ಪ ಪಟ್ಟಿ ಕಂಡು ಹಿಗ್ಗಿದವರು ಕೋಶ ಒಡೆದು ಸೆಂಟ್ರಿಫ್ಯೂಜ್ ತಿರುಗಿಸಿದಾಗ ಅದೆಲ್ಲ ತಳದ ಗಸಿಯಲ್ಲಿ ಸಿಗುತ್ತದೆ, ಮೇಲಿನ ದ್ರವದಲ್ಲಿ ಏನೂ ಇರುವುದಿಲ್ಲ. ಆಗ ಉಷ್ಣತೆಯನ್ನು 16–18 ಡಿಗ್ರಿಗೆ ಇಳಿಸಿ, ಐಪಿಟಿಜಿಯನ್ನು 0.1ಕ್ಕೆ ತಗ್ಗಿಸಿ, ರಾತ್ರಿಯಿಡೀ ಬಿಟ್ಟು ನೋಡಬೇಕು. ಒಟ್ಟು ಪ್ರಮಾಣ ಕಡಿಮೆಯಾದರೂ ಕರಗಿದ ಪ್ರೋಟೀನು ಹೆಚ್ಚಬಹುದು. ಅದಕ್ಕೂ ಬಗ್ಗದಿದ್ದರೆ ಉಂಡೆಗಳನ್ನು 8 ಮೋಲಾರ್ ಯೂರಿಯಾದಲ್ಲಿ ಬಿಡಿಸಿ, ಯೂರಿಯಾವನ್ನು ಡಯಾಲಿಸಿಸ್‌ನಿಂದ ಹಂತಹಂತವಾಗಿ ತೆಗೆಯುತ್ತ ಮತ್ತೆ ಮಡಿಚಿಕೊಳ್ಳಲು ಬಿಡಬೇಕು. ಅವಸರಪಟ್ಟು ಒಂದೇ ಸಲಕ್ಕೆ ತೆಗೆದರೆ ಪ್ರೋಟೀನು ಪುನಃ ಉಂಡೆಗಟ್ಟುತ್ತದೆ.